ಎರಡನೆಯ ಡಾಕ್ಟರ್ ಯಾವಾಗಲೂ ಜಾಣ

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಮೂರೂವರೆ ವರ್ಷದ ಮುಧೋಳ ಗಂಡು ನಾಯಿ ಇದೆ. ಕಳೆದ ತಿಂಗಳು ಎರಡು ದಿನ ಅದು ರೊಟ್ಟಿ ಮುಟ್ಟಲಿಲ್ಲ. ಪೇಟೆಯ ಡಾಕ್ಟರಿಗೆ ತೋರಿಸಿದೆವು. ಅವರು ಜ್ವರ ನೋಡಿ ಎರಡು ಇಂಜೆಕ್ಷನ್ ಕೊಟ್ಟು, 'ಸರಿಹೋಗುತ್ತದೆ' ಎಂದು ಕಳಿಸಿದರು. ರೋಗ ಏನೆಂದು ಅವರು ಹೇಳಲಿಲ್ಲ, ಕೇಳಲು ನಮಗೂ ಧೈರ್ಯ ಬರಲಿಲ್ಲ. ನಾಲ್ಕನೆಯ ದಿನ ಮೂಗಿನಿಂದ ರಕ್ತ ಬಂತು. ಬೆಳಗಾವಿಗೆ ಒಯ್ದೆವು. ಅಲ್ಲಿಯ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ಉಣ್ಣಿ ಜ್ವರ ಎಂದರು. 'ಮೈಮೇಲೆ ಉಣ್ಣಿ ಇದ್ದದ್ದನ್ನು ಮೊದಲ ಡಾಕ್ಟರಿಗೆ ಏಕೆ ಹೇಳಲಿಲ್ಲ' ಎಂದು ನಮ್ಮನ್ನೇ ಗದರಿದರು. ಈಗ ನಾಯಿ ಚೇತರಿಸಿಕೊಳ್ಳುತ್ತಿದೆ, ಮಾತ್ರೆ ನಡೆಯುತ್ತಿದೆ. ಮೊದಲ ಇಂಜೆಕ್ಷನ್ನಿನಿಂದಲೇ ರಕ್ತ ಬಂತೆಂದು ಮನೆಯವರ ವಾದ. ತಪ್ಪು ಯಾರದು? ಪಶುವೈದ್ಯರ ಮುಂದೆ ಏನು ಹೇಳಬೇಕು, ಏನು ಕೇಳಬೇಕು? ಹೆಚ್ಚು ಕೇಳಿದರೆ ಅವರಿಗೆ ಸಿಟ್ಟು ಬರುವುದಿಲ್ಲವೇ?

ಉತ್ತರ: ಇಂಜೆಕ್ಷನ್ನಿನ ಮಾತನ್ನು ಮೊದಲು ಮುಗಿಸೋಣ, ಅದು ನಿಮ್ಮ ಮನೆಯೊಳಗೇ ಜಗಳವಾಗಿ ಕುಳಿತಿದೆ. ಉಣ್ಣಿ ಜ್ವರ ತರುವ ಎರ್ಲಿಕಿಯಾ ಎಂಬ ಸೂಕ್ಷ್ಮಾಣು ರಕ್ತದ ಬಿಳಿ ಕಣಗಳೊಳಗೆ ಸೇರಿಕೊಳ್ಳುತ್ತದೆ. ರೋಗ ಬೆಳೆದಂತೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ. ಆಗ ಮೂಗಿನಲ್ಲಿ ರಕ್ತ ಬರುವುದು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಮೂಡುವುದು ಈ ರೋಗದ ಸ್ವಭಾವವೇ. ಸೂಜಿ ಚುಚ್ಚದಿದ್ದರೂ ರಕ್ತ ಬರಬಹುದಿತ್ತು. ಆದರೆ ಒಂದು ಮಾತು: ಜ್ವರ ಮತ್ತು ನೋವು ಇಳಿಸುವ ಕೆಲವು ಔಷಧಗಳು ಪ್ಲೇಟ್‌ಲೆಟ್‌ಗಳ ಕೆಲಸವನ್ನು ಒಂದಿಷ್ಟು ಕುಂದಿಸುತ್ತವೆ. ಅಂದು ಕೊಟ್ಟದ್ದು ಯಾವ ಔಷಧ? ನಿಮಗೆ ಗೊತ್ತಿಲ್ಲ. ಬೆಳಗಾವಿಯ ಡಾಕ್ಟರಿಗೂ ಗೊತ್ತಾಗಿರಲಾರದು. ಕೊಟ್ಟದ್ದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡಿದ್ದರೆ ಈ ಜಗಳಕ್ಕೆ ಅರ್ಧ ನಿಮಿಷದಲ್ಲಿ ತೆರೆ ಬೀಳುತ್ತಿತ್ತು. ಚೀಟಿ ಕೇಳುವುದು ಅಪನಂಬಿಕೆ ಅಲ್ಲ. 'ಮುಂದೆ ಬೇರೆ ಕಡೆ ತೋರಿಸಬೇಕಾದರೆ ಬೇಕಾಗುತ್ತದೆ, ಕೊಟ್ಟದ್ದನ್ನು ಬರೆದುಕೊಡಿ ಸರ್' ಎಂದರೆ ಯಾರೂ ಬೇಸರಪಡುವುದಿಲ್ಲ, ಬೇಸರಪಟ್ಟರೂ ಬರೆದುಕೊಡುತ್ತಾರೆ.

ಇನ್ನು ತಪ್ಪು ಯಾರದು ಎಂಬ ಪ್ರಶ್ನೆ. ಎರಡನೆಯ ಡಾಕ್ಟರ್ ಯಾವಾಗಲೂ ಮೊದಲನೆಯವರಿಗಿಂತ ಜಾಣರಾಗಿ ಕಾಣುತ್ತಾರೆ. ಅವರ ಮುಂದೆ ಬರುವ ಹೊತ್ತಿಗೆ ರೋಗ ತನ್ನ ಮುಖ ತೋರಿಸಿರುತ್ತದೆ. ಮೂಗಿನಲ್ಲಿ ರಕ್ತ ಸುರಿಯುವ ನಾಯಿಯನ್ನು ಕಂಡು ಉಣ್ಣಿ ಜ್ವರ ಎನ್ನುವುದು ನಮ್ಮ ಸೀಮೆಯಲ್ಲಿ ದೊಡ್ಡ ವಿದ್ಯೆಯಲ್ಲ. ಎರಡು ದಿನ ಉಣ್ಣದ, ಜ್ವರ ಬಂದ ನಾಯಿಯನ್ನು ಕಂಡು ಹಾಗೆ ಹೇಳುವುದು ಕಷ್ಟ, ಏಕೆಂದರೆ ಹತ್ತು ರೋಗಗಳು ಹಾಗೆಯೇ ಶುರುವಾಗುತ್ತವೆ. ಅಂದೇ ರಕ್ತ ಪರೀಕ್ಷೆ ಮಾಡಿಸಿದ್ದರೂ ಆಸ್ಪತ್ರೆಯಲ್ಲಿ ಹನಿ ಹಾಕಿ ನೋಡುವ ಕಿಟ್ 'ಇಲ್ಲ' ಎಂದು ತೋರಿಸುವ ಸಾಧ್ಯತೆ ಇತ್ತು. ಅದು ಹುಡುಕುವುದು ರೋಗದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು, ಅವು ಹುಟ್ಟಲು ದಿನಗಳು ಬೇಕು. ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಇದು: ಕಿವಿ ಮಡಚಿ, ಕಾಲ್ಬೆರಳುಗಳ ಸಂದು ಬಿಡಿಸಿ ನೋಡುವುದು ಡಾಕ್ಟರ ಕೆಲಸ, ಅದಕ್ಕೆ ಒಂದು ನಿಮಿಷ ಸಾಕು. ಮನೆಯಲ್ಲಿ ನೀವೇ ಕಿತ್ತು ಎಸೆದ ಉಣ್ಣಿಯ ಸುದ್ದಿಯನ್ನು ಹೇಳುವುದು ನಿಮ್ಮ ಕೆಲಸ, ಏಕೆಂದರೆ ಕಿತ್ತು ಎಸೆದದ್ದು ಡಾಕ್ಟರಿಗೆ ಕಾಣುವುದಿಲ್ಲ. ಎರಡೂ ಆಗಲಿಲ್ಲ.

ಹಳ್ಳಿಯ ಕಡೆಯ ಪಶು ಆಸ್ಪತ್ರೆಯ ಬೆಳಗನ್ನು ನೀವು ಕಂಡೇ ಇರುತ್ತೀರಿ. ಗರ್ಭ ಕಟ್ಟಿಸಲು ಬಂದ ಎಮ್ಮೆ, ಹೊಟ್ಟೆ ಉಬ್ಬಿದ ಆಕಳು, ಮೇಕೆಗಳ ಹಿಂಡು, ನಡುವೆ ಕಾಲುಬಾಯಿ ರೋಗದ ಲಸಿಕೆಯ ಲೆಕ್ಕ ಕೇಳುವ ಫೋನು. ಅಲ್ಲಿಗೆ ನಾಯಿ ಬಂದಾಗ ಡಾಕ್ಟರ ತಲೆ ಎಮ್ಮೆಯ ಹೊಟ್ಟೆಯಲ್ಲಿರುತ್ತದೆ. ರೋಗಿಗಳು ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಾರೆಂದು ಅಮೆರಿಕದ ಇಬ್ಬರು ಸಂಶೋಧಕರು 1984ರಲ್ಲಿ ಬರೆದಿದ್ದರು. ಅದು ಮನುಷ್ಯರ ವೈದ್ಯರ ವಿಷಯ. ಪಶುವೈದ್ಯರು ಅವರಿಗಿಂತ ತಾಳ್ಮೆಯವರೆಂದು ನಾನು ಪ್ರಮಾಣ ಮಾಡಿ ಹೇಳಲಾರೆ, ನಾನೂ ಅದೇ ಜಾತಿಯವನು. ಆದ್ದರಿಂದ ನಿಮಗೆ ಸಿಗುವ ಮೊದಲ ಅರ್ಧ ನಿಮಿಷದಲ್ಲಿ ಏನು ಹೇಳುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಆ ಅರ್ಧ ನಿಮಿಷದಲ್ಲಿ ಕಂಡದ್ದನ್ನು ಹೇಳಿ, ನೀವು ಮಾಡಿಕೊಂಡ ತೀರ್ಮಾನವನ್ನಲ್ಲ. ಇದು ಚಿಕ್ಕ ಮಾತಿನಂತೆ ತೋರುತ್ತದೆ, ಆದರೆ ಇದರಲ್ಲಿ ಜೀವದ ಪ್ರಶ್ನೆ ಇದೆ. 'ಗಂಟಲಲ್ಲಿ ಎಲುಬು ಸಿಕ್ಕಿದೆ, ತೆಗೆದುಕೊಡಿ' ಎಂದು ನಾಯಿ ತರುವವರಿದ್ದಾರೆ. ಬಾಯಿ ತೆರೆದೇ ಇದೆ, ಜೊಲ್ಲು ಸುರಿಯುತ್ತಿದೆ, ನೀರು ಕುಡಿಯಲು ಹೋಗಿ ಕುಡಿಯಲಾಗುತ್ತಿಲ್ಲ. ಮನೆಯವರು ಆಗಲೇ ಬಾಯಿಯೊಳಗೆ ಕೈ ಹಾಕಿ ಹುಡುಕಿರುತ್ತಾರೆ. ಎಲುಬು ಇರಬಹುದು. ರೇಬಿಸ್ ಕೂಡ ಹೀಗೆಯೇ ಬರುತ್ತದೆ. ದವಡೆಯ ಸ್ನಾಯು ಸೋತು ಬಾಯಿ ಜೋತುಬೀಳುವ, ಕಚ್ಚದ, ಬೊಗಳದ ರೇಬಿಸ್. 'ಎಲುಬು ತಿನ್ನುವುದನ್ನು ಯಾರೂ ನೋಡಿಲ್ಲ. ಮೂರು ದಿನದಿಂದ ಮಂಚದ ಕೆಳಗೆ ಕತ್ತಲೆಯಲ್ಲಿ ಕೂರುತ್ತಿದೆ, ದನಿ ಬದಲಾಗಿದೆ, ಕೆಲವು ವಾರಗಳ ಹಿಂದೆ ಬೀದಿನಾಯಿ ಕಚ್ಚಿತ್ತು' ಎಂದು ಕಂಡದ್ದನ್ನಷ್ಟೇ ಹೇಳಿದ್ದರೆ ಡಾಕ್ಟರ್ ಆ ಬಾಯಿಗೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸುತ್ತಾರೆ. ಇಂತಹ ನಾಯಿಯನ್ನು ಮಕ್ಕಳ ನಡುವೆ ಬೈಕಿನ ಮೇಲೆ ಹೇರಿಕೊಂಡು ಬರುವ ಬದಲು ಮೊದಲು ಫೋನ್ ಮಾಡಬೇಕು. ಜೊಲ್ಲು ಕೈಗೆ ತಾಗಿದ್ದರೆ ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಮನುಷ್ಯರ ಆಸ್ಪತ್ರೆಗೆ ಹೋಗಿ ಲಸಿಕೆಯ ಮಾತು ಆಡಬೇಕು. ನಾಯಿಯ ಪರೀಕ್ಷೆಗೆ ಕಾಯಬಾರದು.

ಯಾರು ಕರೆತರುತ್ತಾರೆ ಎಂಬುದೂ ಮುಖ್ಯ. ಕಾಲೇಜು ಹುಡುಗನೊಬ್ಬ ಬೈಕಿನ ಟ್ಯಾಂಕಿನ ಮೇಲೆ ಮರಿಯನ್ನು ಕೂರಿಸಿಕೊಂಡು ಬರುತ್ತಾನೆ. ಏನು ತಿಂದಿದೆ ಎಂದರೆ 'ಅವ್ವನಿಗೆ ಗೊತ್ತು ಸರ್'. ಲಸಿಕೆ ಆಗಿದೆಯೇ ಎಂದರೆ 'ಅಪ್ಪನಿಗೆ ಗೊತ್ತು'. ಭೇದಿಯ ಬಣ್ಣ ಕೇಳಿದರೆ 'ತಂಗಿ ನೋಡಿದ್ದಾಳೆ'. ಅವನಿಗೆ ಗೊತ್ತಿರುವುದು ನಾಯಿಯ ಹೆಸರು ಮಾತ್ರ. ಇಂತಹವನಿಗೆ ನಾನು ಮಾಡಿಸುವ ಮೊದಲ ಪರೀಕ್ಷೆ ರಕ್ತದ್ದಲ್ಲ, ಫೋನಿನದ್ದು. ಅವ್ವನನ್ನು ಸ್ಪೀಕರಿಗೆ ಹಾಕಿಸಿದರೆ ಒಂದೇ ಉಸಿರಿನಲ್ಲಿ ಎಲ್ಲವೂ ಬರುತ್ತದೆ: ಭಾನುವಾರ ರಾತ್ರಿಯಿಂದ ವಾಂತಿ, ಮೊದಲು ಹಳದಿ ನೊರೆ, ಇಂದು ಬೆಳಿಗ್ಗೆ ಭೇದಿಯಲ್ಲಿ ರಕ್ತ, ಪಕ್ಕದ ಮನೆಯ ಮರಿ ಹೋದ ವಾರ ಸತ್ತಿದೆ. ಕೊನೆಯ ಆ ಮಾತಿಗೆ ಎಷ್ಟು ತೂಕವಿದೆ ನೋಡಿ. ಅಪ್ಪ ಫೋನಿಗೆ ಬಂದು 'ಇಂಜೆಕ್ಷನ್ ಎಲ್ಲ ಆಗಿದೆ' ಎನ್ನುತ್ತಾರೆ. ನಮ್ಮ ಕಡೆ ಹಾಗೆಂದರೆ ಬಹುಪಾಲು ಹುಚ್ಚುನಾಯಿ ರೋಗದ ಒಂದು ಸೂಜಿ ಆಗಿದೆ ಎಂದಷ್ಟೇ. ಮರಿಗಳಿಗೆ ಇಂತಹ ವಾಂತಿ, ರಕ್ತಭೇದಿ ತರುವ ಪಾರ್ವೊ ರೋಗದ ಲಸಿಕೆ ಬೇರೆ. ಮರಿಗೆ ಆರರಿಂದ ಎಂಟು ವಾರ ತುಂಬಿದಾಗ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವವರೆಗೆ ಹಾಕಿಸಬೇಕು. 'ಆಗಿದೆ' ಎನ್ನುವ ಬದಲು ಲಸಿಕೆಯ ಕಾರ್ಡನ್ನೇ ತನ್ನಿ. ಅದರ ಮೇಲೆ ಅಂಟಿಸಿದ ಚೀಟಿ ಯಾವ ರೋಗದ್ದೆಂದು ಡಾಕ್ಟರ್ ಓದಿಕೊಳ್ಳುತ್ತಾರೆ.

ಜನ ಹೇಳಲು ಹಿಂಜರಿಯುವ ವಿಷಯಗಳು ಎರಡು. ಮೊದಲನೆಯದು, ಮನೆಯಲ್ಲಿ ಆಗಲೇ ಮಾಡಿ ಮುಗಿಸಿದ ಉಪಚಾರ. ಉಣ್ಣಿ ಹೋಗಲೆಂದು ಹತ್ತಿಗೋ ದ್ರಾಕ್ಷಿಗೋ ಹೊಡೆಯುವ ಕೀಟನಾಶಕದ ಎಣ್ಣೆಯನ್ನು ನೀರಿಗೆ ಬೆರೆಸಿ ನಾಯಿಯ ಮೈಗೆ ಸವರುವುದು ನಮ್ಮ ಸೀಮೆಯಲ್ಲಿ ಇದೆ. ನಾಯಿ ಮೈ ನೆಕ್ಕಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಜೊಲ್ಲು, ವಾಂತಿ, ಮೈ ನಡುಕ. ಆಸ್ಪತ್ರೆಗೆ ತಂದವರು 'ಯಾರೋ ವಿಷ ಹಾಕಿದ್ದಾರೆ' ಎನ್ನುತ್ತಾರೆ, ಪಕ್ಕದ ಮನೆಯವನ ಹೆಸರನ್ನೂ ಹೇಳುತ್ತಾರೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿರುವುದನ್ನು ನೋಡಿದ ಡಾಕ್ಟರಿಗೆ ಅನುಮಾನ ಬರುತ್ತದೆ, ನಿಜ. ಆದರೆ ಎಲ್ಲ ಕೀಟನಾಶಕವೂ ಒಂದೇ ಬಗೆಯದಲ್ಲ. ಒಂದು ಬಗೆಗೆ ಅಟ್ರೋಪಿನ್ ಪ್ರಾಣ ಉಳಿಸುತ್ತದೆ, ಇನ್ನೊಂದು ಬಗೆಗೆ ಅದರಿಂದ ಆಗುವುದು ಅಷ್ಟಕ್ಕಷ್ಟೇ. ಬಾಟಲಿಯನ್ನು ತನ್ನಿ. ಅದರ ಚೀಟಿಯ ಮೇಲೆ ಔಷಧದ ಹೆಸರು, ವಿಷದ ತೀವ್ರತೆ ತೋರಿಸುವ ಬಣ್ಣದ ಗುರುತು, ಪ್ರತಿವಿಷದ ವಿವರ ಎಲ್ಲ ಅಚ್ಚಾಗಿರುತ್ತದೆ. ಇಲಿ ಪಾಷಾಣಕ್ಕೂ ಇದೇ ಮಾತು. ಒಂದು ಬಗೆಯದು ಹೊಟ್ಟೆಯಲ್ಲಿ ವಿಷಾನಿಲವಾಗಿ ಗಂಟೆಗಳಲ್ಲಿ ಕೊಲ್ಲುತ್ತದೆ. ಇನ್ನೊಂದು ಬಗೆಯದನ್ನು ತಿಂದ ನಾಯಿ ಮೂರು ನಾಲ್ಕು ದಿನ ಆರಾಮವಾಗಿದ್ದು, ಆಮೇಲೆ ಒಳಗೊಳಗೇ ರಕ್ತ ಸೋರಿಸಿಕೊಳ್ಳುತ್ತದೆ. ಅದಕ್ಕೆ ಕೆ1 ವಿಟಮಿನ್ ವಾರಗಟ್ಟಲೆ ಕೊಡಬೇಕು. ನಾಯಿಗೂ ಬೆಕ್ಕಿಗೂ ಮನುಷ್ಯರ ಜ್ವರದ ಮಾತ್ರೆ ಕೊಟ್ಟಿದ್ದರೆ ಅದನ್ನೂ ಹೇಳಿ. 500 ಮಿಲಿಗ್ರಾಂನ ಒಂದು ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲಲು ಸಾಕು. ಡೈಕ್ಲೊಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಕೆಡಿಸುತ್ತವೆ. ಡಾಕ್ಟರ್ ಬೈಯಬಹುದು. ಬೈಸಿಕೊಂಡು ಹೇಳಿ.

ಎರಡನೆಯದು ಹಣ. ನಾಯಿಯ ಮೇಲೆ ಪ್ರೀತಿ ಕಡಿಮೆ ಎಂದುಕೊಂಡಾರು ಎಂಬ ಅಂಜಿಕೆಯಿಂದ ಜನ ಎಲ್ಲಕ್ಕೂ ಹೂಂಗುಟ್ಟುತ್ತಾರೆ, ಮರುದಿನ ಬರುವುದೇ ಇಲ್ಲ. ಡಾಕ್ಟರ್ ತಮ್ಮ ಚಿಕಿತ್ಸೆ ಫಲಿಸಿತು ಎಂದುಕೊಳ್ಳುತ್ತಾರೆ, ಅತ್ತ ನಾಯಿ ಅಂಗಳದಲ್ಲಿ ನರಳುತ್ತಿರುತ್ತದೆ. 'ಇವತ್ತು ನನ್ನ ಬಳಿ ಇಷ್ಟಿದೆ, ವಾರದಲ್ಲಿ ಇನ್ನಿಷ್ಟು ಹೊಂದಿಸಬಹುದು' ಎಂದು ಮೊದಲೇ ಹೇಳುವವರನ್ನು ಕಂಡರೆ ನನಗೆ ಗೌರವ. ಹಾಗೆ ಹೇಳಿದರೆ ಯಾವುದು ಇಂದೇ ಆಗಬೇಕು, ಯಾವುದು ತಡೆಯಬಹುದು, ಯಾವುದನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಬಹುದು ಎಂದು ಕುಳಿತು ಯೋಜಿಸಬಹುದು. ಪರೀಕ್ಷೆಗಳ ಪಟ್ಟಿ ಉದ್ದವಾದರೆ ಕೇಳಬೇಕಾದ ಪ್ರಶ್ನೆ ಒಂದೇ: 'ಇದರ ವರದಿ ಹೀಗೆ ಬಂದರೂ ಹಾಗೆ ಬಂದರೂ ಕೊಡುವ ಔಷಧ ಬದಲಾಗುತ್ತದೆಯೇ?' ಬದಲಾಗುವುದಿಲ್ಲ ಎಂದಾದರೆ ಆ ಪರೀಕ್ಷೆಯನ್ನು ಮುಂದೂಡಬಹುದು. ಒಳ್ಳೆಯ ಡಾಕ್ಟರ್ ಅದನ್ನು ತಾವೇ ಹೇಳುತ್ತಾರೆ.

ನೀವು ಸಿಟ್ಟಿನ ಬಗ್ಗೆ ಕೇಳಿದ್ದೀರಿ. ಬರುವವರಿಗೆ ಬರುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಸಿಟ್ಟು ಹೆಚ್ಚಾಗಿ ಪ್ರಶ್ನೆಗೆ ಬರುವುದಿಲ್ಲ, ಪ್ರಶ್ನೆಯ ಹೊತ್ತಿಗೂ ಧಾಟಿಗೂ ಬರುತ್ತದೆ. ಎದೆಗೆ ಸ್ಟೆತಸ್ಕೋಪ್ ಹಚ್ಚಿದಾಗ ಮಾತಾಡಿಸಿದರೆ ಬರುತ್ತದೆ. ಮೊಬೈಲಿನಲ್ಲಿ ಹುಡುಕಿದ್ದನ್ನು ಮುಖಕ್ಕೆ ಹಿಡಿದು 'ಇದರಲ್ಲಿ ಹೀಗಿದೆಯಲ್ಲ' ಎಂದರೆ ಬರುತ್ತದೆ. (ಓದಿಕೊಂಡು ಬರುವುದು ಒಳ್ಳೆಯದೇ. ಅದು ಪ್ರಶ್ನೆಯ ರೂಪದಲ್ಲಿ ಹೊರಬರಲಿ, ತೀರ್ಪಿನ ರೂಪದಲ್ಲಿ ಅಲ್ಲ.) ಇಂಜೆಕ್ಷನ್ ಮುಗಿದು ಡಾಕ್ಟರ್ ಕೈ ತೊಳೆಯುವ ಹೊತ್ತು ಇದೆಯಲ್ಲ, ಅದು ನಿಮ್ಮ ಹೊತ್ತು. ಆಗ ಕೇಳಿ: ಮುಖ್ಯವಾಗಿ ಯಾವ ರೋಗದ ಅನುಮಾನ, ಅದಲ್ಲದಿದ್ದರೆ ಇನ್ನೇನು ಇರಬಹುದು? ಎಷ್ಟು ಹೊತ್ತಿನೊಳಗೆ ಯಾವ ಬದಲಾವಣೆ ಕಾಣಬೇಕು? ರಾತ್ರಿ ಏನು ಕಂಡರೆ ಬೆಳಗಿನವರೆಗೆ ಕಾಯಬಾರದು? 'ಸರಿಹೋಗುತ್ತದೆ' ಎಂಬುದು ಸಮಾಧಾನ, ಉತ್ತರವಲ್ಲ. 'ನಾಳೆ ಸಂಜೆಯೊಳಗೆ ಜ್ವರ ಇಳಿದು ಒಂದು ರೊಟ್ಟಿಯಾದರೂ ತಿನ್ನಬೇಕು, ಇಲ್ಲದಿದ್ದರೆ ರಕ್ತ ಪರೀಕ್ಷೆ ಮಾಡೋಣ' ಎಂಬುದು ಉತ್ತರ. ನಿಮ್ಮ ಮೊದಲ ಡಾಕ್ಟರ್ ಅದೊಂದನ್ನು ಹೇಳಿದ್ದರೆ ನೀವು ನಾಲ್ಕನೆಯ ದಿನದವರೆಗೆ ಕಾಯುತ್ತಿರಲಿಲ್ಲ. ಅವರ ಮೇಲೆ ನನಗಿರುವ ನಿಜವಾದ ತಕರಾರು ಇದೇ. ರೋಗ ಗುರುತಿಸಲಿಲ್ಲ ಎಂಬುದಲ್ಲ. 'ಇನ್ನೂ ಖಚಿತವಿಲ್ಲ' ಎಂದು ಹೇಳಲು ನಮ್ಮ ವೃತ್ತಿಯವರು ಹಿಂಜರಿಯುತ್ತಾರೆ, ಹಾಗೆಂದರೆ ಜನ ಬೇರೆ ಡಾಕ್ಟರ ಬಳಿ ಹೋಗುತ್ತಾರೆಂದು. ಹೇಳದಿದ್ದರೂ ಹೋಗುತ್ತಾರೆ, ಕಹಿ ಮನಸ್ಸಿನಿಂದ ಹೋಗುತ್ತಾರೆ.

ಮನೆಗೆ ಹೋದ ಮೇಲಿನ ಮಾತು ಇನ್ನೊಂದಿದೆ. ಉಣ್ಣಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ 28 ದಿನದ್ದು. ನಾಯಿ ಎರಡು ಮೂರು ದಿನದಲ್ಲಿ ಬಾಲ ಆಡಿಸತೊಡಗುತ್ತದೆ, ವಾರಕ್ಕೆ ಮಾತ್ರೆ ನಿಲ್ಲುತ್ತದೆ, ರೋಗ ಮಾತ್ರ ಒಳಗೆ ಉಳಿಯುತ್ತದೆ. ನಿಮ್ಮದು ನಡೆಯುತ್ತಿದೆ ಎಂದಿದ್ದೀರಿ. ಡಾಕ್ಟರ್ ಹೇಳಿದ ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಾತ್ರೆಯನ್ನು ಯಾವುದರಲ್ಲಿ ಮುಚ್ಚಿ ಕೊಡುತ್ತೀರಿ? ಪೇಡೆ, ಕುಂದಾ, ಹಾಲಿನಲ್ಲಿ ನೆನೆಸಿದ ರೊಟ್ಟಿ ಎಂದಾದರೆ ಬಿಡಿ. ಹಾಲಿನ ಕ್ಯಾಲ್ಸಿಯಂ ಈ ಔಷಧವನ್ನು ಒಂದಿಷ್ಟು ಹಿಡಿದಿಟ್ಟುಕೊಂಡು ಪೂರ್ತಿಯಾಗಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಒಣ ರೊಟ್ಟಿಯ ತುಣುಕನ್ನು ಬೇಳೆಯ ಕಟ್ಟಿನಲ್ಲಿ ಅದ್ದಿ ಕೊಡಿ. ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಖಾರ ಬೀಳುವ ಮೊದಲೇ ಒಂದಿಷ್ಟು ತೆಗೆದಿಡಿ. ಮೇಲೆ ನೀರು ಕುಡಿಸಿ, ಒಣ ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲಿ ಹುಣ್ಣಾಗುತ್ತದೆ. ಇದನ್ನೆಲ್ಲ ಡಾಕ್ಟರೇ ಹೇಳಬೇಕಿತ್ತು ಎನ್ನುತ್ತೀರಿ. ಹೌದು. ಆದರೆ ಅವರು ಹೇಳಿದ್ದನ್ನು ಅಲ್ಲಿಯೇ ಒಮ್ಮೆ ನಿಮ್ಮ ಬಾಯಿಂದ ಒಪ್ಪಿಸುವ ಅಭ್ಯಾಸವಿದ್ದರೆ, ಅರ್ಧಕ್ಕೆ ಬಿಟ್ಟದ್ದು ಅವರಿಗೇ ನೆನಪಾಗುತ್ತದೆ: 'ದಿನಕ್ಕೆ ಒಂದು, ಊಟದ ಜೊತೆ, ಮುಂದಿನ ತಿಂಗಳ ಹತ್ತರವರೆಗೆ, ಸರಿಯೇ ಸರ್?'

ಮುಧೋಳ ನಾಯಿಯವರಿಗೆ ಪ್ರತ್ಯೇಕವಾಗಿ ಒಂದು ಮಾತು. ಈ ತಳಿಯ ಪಕ್ಕೆಲುಬು ಕಾಣುವುದು ಸಹಜ; ದೂರದೂರಿನ ಡಾಕ್ಟರ್ 'ಸೊರಗಿದೆ' ಎಂದರೆ ಗಾಬರಿ ಬೇಡ, ಆರೋಗ್ಯವಾಗಿದ್ದಾಗಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಓಟದ ನಾಯಿಗಳು ಥಯೊಪೆಂಟಾಲ್‌ನಂತಹ ಅರಿವಳಿಕೆಯಿಂದ ಎಚ್ಚರಗೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ತಳಿಯ ಹೆಸರು ಹೇಳಿ ಕೇಳಿಕೊಳ್ಳಿ. ತಳಿಯ ಬಗೆಗಿನ ಸಂದೇಹಗಳಿಗೆ ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ನಿಮಗೆ ದೂರವೇನಲ್ಲ. ತೂಕವನ್ನಂತೂ ತಿಳಿದೇ ಹೋಗಿ. ಔಷಧದ ಲೆಕ್ಕವೆಲ್ಲ ಕಿಲೋ ಮೇಲೆ. ಕಿರಾಣಿ ಗೋದಾಮಿನ ತಕ್ಕಡಿಯ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆದರೆ ಆಯಿತು.

ವಾಟ್ಸ್‌ಆಪ್ ಬಗ್ಗೆ: ನಡಿಗೆಯ, ಕೆಮ್ಮಿನ, ಫಿಟ್ಸ್ ಬಂದಾಗಿನ ವಿಡಿಯೊ ಬಹಳ ಉಪಯುಕ್ತ, ಏಕೆಂದರೆ ಆಸ್ಪತ್ರೆಯ ಮೇಜಿನ ಮೇಲೆ ನಾಯಿ ಅದಾವುದನ್ನೂ ಮಾಡಿ ತೋರಿಸುವುದಿಲ್ಲ. ಆದರೆ ಮಧ್ಯರಾತ್ರಿ ಫೋಟೋ ಕಳಿಸಿ ಮಾತ್ರೆಯ ಹೆಸರು ಬೇಡುವುದು ಬೇಡ. ಹಳ್ಳಿಯಿಂದ ಸಾಗಿಸಲು ದಾರಿಯಿಲ್ಲದಿದ್ದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆಯೇ ವಿಚಾರಿಸಿ. ಚೀಲ ಹೆಗಲಿಗೇರಿಸಿ ಮನೆಮನೆಗೆ ಬಂದು ಸೂಜಿ ಚುಚ್ಚುವವರೆಲ್ಲ ಪಶುವೈದ್ಯರಲ್ಲ ಎಂಬುದೂ ನೆನಪಿರಲಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ವೃತ್ತಿ ಮಾಡಲು ನೋಂದಣಿ ಬೇಕು, ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು.

ಮೊದಲ ಡಾಕ್ಟರ ವಿಷಯಕ್ಕೆ ಬರುತ್ತೇನೆ. ದೂರು ಕೊಡಬೇಕೇ ಎಂದು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರಬಹುದು. ನನಗೆ ಇಲ್ಲಿ ದೂರಿನ ವಿಷಯ ಕಾಣುವುದಿಲ್ಲ. ಬದಲಿಗೆ ಅವರಿಗೊಂದು ಫೋನ್ ಮಾಡಿ: 'ಬೆಳಗಾವಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು, ಉಣ್ಣಿ ಜ್ವರ ಬಂದಿದೆ, ನಿಮಗೆ ತಿಳಿದಿರಲಿ ಎಂದು ಹೇಳಿದೆ. ಅಂದು ಕೊಟ್ಟ ಇಂಜೆಕ್ಷನ್ ಯಾವುವು ಹೇಳುತ್ತೀರಾ?' ನಮ್ಮ ಕೈ ದಾಟಿ ಹೋದ ನಾಯಿಗೆ ಮುಂದೇನಾಯಿತು ಎಂದು ನಮಗೆ ಯಾರೂ ಹೇಳುವುದಿಲ್ಲ. ಹೇಳಿದರೆ, ಮುಂದಿನ ಸಲ ನಿಮ್ಮ ಊರಿನ ಇನ್ನೊಂದು ಜ್ವರದ ನಾಯಿ ಅಲ್ಲಿಗೆ ಹೋದಾಗ ಅವರು ಕಿವಿ ಮಡಚಿ ನೋಡುತ್ತಾರೆ. ರಾತ್ರಿ ಹನ್ನೊಂದಕ್ಕೆ ತುರ್ತು ಬಂದರೆ ನಿಮಗೆ ಹತ್ತಿರ ಸಿಗುವವರು ಅವರೇ, ಬೆಳಗಾವಿಯವರಲ್ಲ.

ಈಗ ನಿಮ್ಮ ಮನೆಯಲ್ಲಿ ಆಗಬೇಕಾದದ್ದು ಉಣ್ಣಿಯ ಕೆಲಸ. ಕಂದು ಬಣ್ಣದ ನಾಯಿ ಉಣ್ಣಿ ಮೈಮೇಲೆ ಕಾಣುವುದಕ್ಕಿಂತ ಹೆಚ್ಚಾಗಿ ಗೋಡೆಯ ಬಿರುಕು, ಕಲ್ಲುಸಂದಿ, ನಾಯಿ ಮಲಗುವ ಗೋಣಿಚೀಲದಲ್ಲಿ ಇರುತ್ತದೆ. ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಯೊಂದಕ್ಕೇ ಔಷಧ ಹಚ್ಚಿದರೆ ಮುಂದಿನ ತಿಂಗಳು ಮತ್ತೆ ಅದೇ ಕಥೆ. ಗೋಣಿಚೀಲ ಸುಡಿ, ಬಿರುಕುಗಳಿಗೆ ಸಿಮೆಂಟು ತುಂಬಿ. ಮುಂದಿನ ಭೇಟಿಯಲ್ಲಿ ಬೆಳಗಾವಿಯ ಡಾಕ್ಟರನ್ನು ಮೂರು ವಿಷಯ ಕೇಳಿ: ಪ್ಲೇಟ್‌ಲೆಟ್ ಮತ್ತೆ ಯಾವಾಗ ನೋಡಿಸಬೇಕು, ನಾಯಿಯ ಮೈಗೆ ಯಾವ ಉಣ್ಣಿ ಔಷಧ, ಗೋಡೆಗೆ ಯಾವುದು. ಮನೆಯಲ್ಲಿ ಬೆಕ್ಕು ಇದ್ದರೆ ಅವರು ಕೇಳುವ ಮೊದಲೇ ಹೇಳಿಬಿಡಿ. ನಾಯಿಗೆ ಹಚ್ಚುವ ಕೆಲವು ಉಣ್ಣಿ ಔಷಧಗಳಲ್ಲಿ ಪರ್ಮೆತ್ರಿನ್ ಇರುತ್ತದೆ, ಅದು ಬೆಕ್ಕಿಗೆ ವಿಷ. ಔಷಧ ಹಚ್ಚಿದ ನಾಯಿಯ ಮೈಗೆ ಒರಗಿ ಮಲಗಿದರೂ ಅಪಾಯ.